ಅನನ್ಯಾ ಎಂಬ ಹೆಸರಿನೊಳಗಿನ ‘ಅನ್ಯ’

ಮಕ್ಕಳ ಹೆಸರುಗಳ ಯಾವ ಪಟ್ಟಿಯನ್ನು ತೆರೆದರೂ ‘ಅ’ಕಾರದಲ್ಲಿ ಅನನ್ಯಾ ಇದ್ದೇ ಇರುತ್ತಾಳೆ. ಎದುರಿಗೆ ಒಂದೇ ಪದದ ಅರ್ಥ: ಸಾಟಿಯಿಲ್ಲದವಳು. ಕೆಲವು ಪಟ್ಟಿಗಳು ಅಷ್ಟಕ್ಕೆ ತೃಪ್ತವಾಗದೆ ‘ಪಾರ್ವತಿಯ ಹೆಸರು’ ಎಂದೂ ಸೇರಿಸುತ್ತವೆ. ಯಾವ ಪುರಾಣದಲ್ಲಿ, ಯಾವ ಸಹಸ್ರನಾಮದಲ್ಲಿ ಎಂದು ಮಾತ್ರ ಹೇಳುವುದಿಲ್ಲ. ಹೆಣ್ಣುಮಗುವಿನ ಹೆಸರಿನ ಮೂಲ ತಿಳಿಯದಿದ್ದಾಗ ಅದನ್ನು ಲಕ್ಷ್ಮಿಗೋ ಪಾರ್ವತಿಗೋ ಒಪ್ಪಿಸಿ ಕೈತೊಳೆದುಕೊಳ್ಳುವುದು ಇಂಥ ಪಟ್ಟಿಗಳ ಹಳೆಯ ಚಾಳಿ.

ನನ್ನ ತಂಗಿಯ ಮಗಳ ಹೆಸರೂ ಅನನ್ಯಾ. ಹೆಸರಿಟ್ಟಾಗ ಅರ್ಥದ ಬಗ್ಗೆ ಯಾರೂ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಕಿವಿಗೆ ಹಿತವಾಗಿತ್ತು, ಹೊಸದಾಗಿತ್ತು, ಅಷ್ಟು ಸಾಕಾಗಿತ್ತು. ಓದು ಬರಹ ಬಂದ ಮೇಲೆ ಅವಳೇ ಕೇಳಲು ಶುರುಮಾಡಿದಳು: “ದೊಡ್ಡಮ್ಮ, ಸಾಟಿಯಿಲ್ಲದವಳು ಎಂದರೆ ನಮ್ಮ ತರಗತಿಯಲ್ಲೇ ಇನ್ನಿಬ್ಬರು ಅನನ್ಯಾ ಹೇಗೆ ಇದ್ದಾರೆ?” ಹಾಜರಿ ಪುಸ್ತಕದಲ್ಲಿ ಇವರನ್ನು ಗುರುತಿಸಲು ಇನಿಶಿಯಲ್ ಬೇಕೇ ಬೇಕು. ನಗು ಬರುವಂಥ ಪ್ರಶ್ನೆಯೇ, ಆದರೆ ಅದರ ಬೆನ್ನು ಹತ್ತಿ ಹೋದಾಗ ಆ ಪುಟ್ಟ ಪದದೊಳಗೆ ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಜನ ವಾಸವಾಗಿದ್ದಾರೆ ಎಂದು ತಿಳಿಯಿತು.

ವ್ಯಾಕರಣ ಸರಳವಾಗಿದೆ. ‘ಅನ್ಯ’ ಎಂದರೆ ಬೇರೆ, ಇನ್ನೊಂದು. ಅದರ ಹಿಂದೆ ನಿಷೇಧದ ‘ನ’ ಸೇರಿದರೆ ‘ಅನನ್ಯ’. ಸ್ವರದ ಮುಂದೆ ಬಂದಾಗ ಈ ನಿಷೇಧ ‘ಅನ್’ ಆಗುತ್ತದೆ: ಉಪಮೆಗೆ ಅನುಪಮೆ, ಅಂತಕ್ಕೆ ಅನಂತ, ಅನ್ಯಕ್ಕೆ ಅನನ್ಯ. ಹೀಗೆ ಕೂಡಿಸುವುದು ಸುಲಭ, ಬಿಡಿಸುವಾಗಲೇ ತೊಡಕು. ‘ಯಾರಿಗೆ ಅನ್ಯವಿಲ್ಲವೋ ಅವರು’ ಎಂದು ಬಿಡಿಸಿದರೆ ಒಂದು ಅರ್ಥ. ‘ಅನ್ಯವಲ್ಲದ್ದು’ ಎಂದು ಬಿಡಿಸಿದರೆ ಇನ್ನೊಂದು. ‘ಯಾರಂಥವರು ಇನ್ನೊಬ್ಬರಿಲ್ಲವೋ ಅವರು’ ಎಂಬುದು ಮೂರನೆಯದು. ಪಟ್ಟಿಗಳು ಹೇಳುವುದು ಈ ಮೂರನೆಯದನ್ನು. ಅದು ತಪ್ಪಲ್ಲ. ಸಂಸ್ಕೃತದಲ್ಲೂ ಆ ಅರ್ಥಕ್ಕೆ ಜಾಗವಿದೆ. ಆದರೆ ನಮ್ಮ ಜನ ಶತಮಾನಗಳಿಂದ ಬಾಯಿಪಾಠ ಮಾಡಿಕೊಂಡು ಬಂದ ಶ್ಲೋಕಗಳಲ್ಲಿ ಈ ಪದ ಕೆಲಸ ಮಾಡುವುದು ಮೊದಲ ಎರಡು ಅರ್ಥಗಳಲ್ಲಿ.

ಗೀತೆಯ ಒಂಬತ್ತನೆಯ ಅಧ್ಯಾಯದ 22ನೆಯ ಶ್ಲೋಕ ಪ್ರಾರಂಭವಾಗುವುದೇ ಈ ಪದದಿಂದ: ‘ಅನನ್ಯಾಶ್ಚಿಂತಯಂತೋ ಮಾಂ ಯೇ ಜನಾಃ ಪರ್ಯುಪಾಸತೇ’. ಬೇರೇನನ್ನೂ ನೆನೆಯದೆ ನನ್ನನ್ನೇ ಚಿಂತಿಸುತ್ತಾ ಉಪಾಸಿಸುವ ಜನ ಯಾರೋ, ಸದಾ ನನ್ನಲ್ಲೇ ನೆಲೆನಿಂತ ಅವರ ಯೋಗಕ್ಷೇಮವನ್ನು ನಾನು ಹೊರುತ್ತೇನೆ ಎಂದು ಕೃಷ್ಣ ಭರವಸೆ ಕೊಡುತ್ತಾನೆ. ಈ ಶ್ಲೋಕ ಗೊತ್ತಿಲ್ಲ ಎನ್ನುವವರೂ ಅದರ ಕೊನೆಯ ಭಾಗವನ್ನು ಕಂಡೇ ಇರುತ್ತಾರೆ. 1956ರಲ್ಲಿ ಹುಟ್ಟಿದ ಭಾರತೀಯ ಜೀವ ವಿಮಾ ನಿಗಮದ ಲಾಂಛನದಲ್ಲಿ, ಎರಡು ಕೈಗಳು ಕಾಯುವ ದೀಪದ ಕೆಳಗೆ ‘ಯೋಗಕ್ಷೇಮಂ ವಹಾಮ್ಯಹಮ್’ ಎಂದಿದೆ. ಪಾಲಿಸಿ ಪತ್ರದ ಮೇಲೆ ಅಚ್ಚಾದದ್ದು ಶ್ಲೋಕದ ಕೊನೆ, ಅದೇ ಶ್ಲೋಕದ ಮೊದಲ ಪದ ಈಗ ಹೆಣ್ಣುಮಕ್ಕಳ ಹೆಸರು. ಭರವಸೆಯನ್ನು ನಿಗಮ ಇಟ್ಟುಕೊಂಡಿತು, ಷರತ್ತು ಮಕ್ಕಳ ಪಾಲಿಗೆ ಬಂದಿತು ಎಂದು ನಾನು ತಮಾಷೆ ಮಾಡುವುದುಂಟು.

ಷರತ್ತು ಎಂದದ್ದು ಸುಮ್ಮನೆ ಅಲ್ಲ. ಗೀತೆಯಲ್ಲಿ ಈ ಪದ ಮತ್ತೆ ಮತ್ತೆ ಬರುತ್ತದೆ. ಎಂಟನೆಯ ಅಧ್ಯಾಯದಲ್ಲಿ ‘ಅನನ್ಯಚೇತಾಃ’, ಒಂಬತ್ತರಲ್ಲಿ ‘ಅನನ್ಯಮನಸಃ’ ಮತ್ತು ‘ಅನನ್ಯಭಾಕ್’, ಹನ್ನೊಂದರಲ್ಲಿ ‘ಭಕ್ತ್ಯಾ ತ್ವನನ್ಯಯಾ’. ಎಲ್ಲ ಕಡೆಯೂ ಹೇಳುತ್ತಿರುವುದು ಅತ್ತಿತ್ತ ಹರಿಯದ ಮನಸ್ಸಿನ ಕುರಿತು. ಶ್ರೀವೈಷ್ಣವ ಆಚಾರ್ಯರು ಇದನ್ನೇ ಹಿಡಿದು ಅನನ್ಯಶರಣತ್ವ, ಅನನ್ಯಾರ್ಹಶೇಷತ್ವ, ಅನನ್ಯಭೋಗ್ಯತ್ವ ಎಂದು ಮೂರು ಮೆಟ್ಟಿಲುಗಳಾಗಿ ಬಿಡಿಸಿದರು. ನನಗೆ ಬೇರೆ ಗತಿಯಿಲ್ಲ, ನಾನು ಬೇರೆಯವರಿಗೆ ಸೇರಿದವನಲ್ಲ, ನಾನು ಬೇರೆಯವರ ಭೋಗಕ್ಕೆ ಇರುವವನಲ್ಲ. ಇಲ್ಲೆಲ್ಲ ಅನನ್ಯ ಎಂಬುದು ಭಕ್ತನ ವಿಶೇಷಣ. ಸಾಟಿಯಿಲ್ಲದವನು ದೇವರು, ಅನನ್ಯನಾಗಬೇಕಾದವನು ಭಕ್ತ. ನಮ್ಮ ಪಟ್ಟಿಗಳಲ್ಲಿ ಈ ಎರಡು ಸ್ಥಾನಗಳು ಅದಲು ಬದಲಾಗಿವೆ.

ಹುಡುಗಿಯ ಹೆಸರಾಗಿ ಈಗ ಇರುವ ರೂಪದಲ್ಲೇ, ಕೊನೆಯ ದೀರ್ಘದ ಸಮೇತ, ಈ ಪದವನ್ನು ಒಬ್ಬ ಹೆಣ್ಣು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಒಂದು ಜಾಗವಿದೆ. ವಾಲ್ಮೀಕಿ ರಾಮಾಯಣದ ಸುಂದರಕಾಂಡ, ಇಪ್ಪತ್ತೊಂದನೆಯ ಸರ್ಗ. ಅಶೋಕವನದಲ್ಲಿ ಸೀತೆ ತನಗೂ ರಾವಣನಿಗೂ ನಡುವೆ ಒಂದು ಹುಲ್ಲುಕಡ್ಡಿಯನ್ನಿಟ್ಟು ಮಾತನಾಡುತ್ತಾಳೆ. ಐಶ್ವರ್ಯದಿಂದಾಗಲಿ ಧನದಿಂದಾಗಲಿ ನನ್ನನ್ನು ಮರುಳುಮಾಡಲಾಗದು ಎಂದು ಹೇಳಿ, ‘ಅನನ್ಯಾ ರಾಘವೇಣಾಹಂ ಭಾಸ್ಕರೇಣ ಪ್ರಭಾ ಯಥಾ’ ಎನ್ನುತ್ತಾಳೆ. ಸೂರ್ಯನಿಂದ ಬೆಳಕು ಹೇಗೆ ಬೇರೆಯಲ್ಲವೋ ಹಾಗೆ ರಾಘವನಿಂದ ನಾನು ಬೇರೆಯಲ್ಲ. ಎಂಥ ಸಂದರ್ಭದಲ್ಲಿ ಎಂಥ ಮಾತು! ಸುತ್ತ ರಾಕ್ಷಸಿಯರ ಕಾವಲು, ಎದುರಿಗೆ ಲಂಕೆಯ ದೊರೆ, ಕೈಯಲ್ಲಿ ಆಯುಧವಿಲ್ಲ. ಇರುವುದು ಒಂದು ಹುಲ್ಲುಕಡ್ಡಿ ಮತ್ತು ಈ ವಾಕ್ಯ. ನನ್ನನ್ನು ಕೇಳಿದರೆ ಅನನ್ಯಾ ಎಂಬ ಹೆಸರಿಗೆ ಇದಕ್ಕಿಂತ ದೊಡ್ಡ ವಂಶಾವಳಿ ಬೇಕಿಲ್ಲ. ಪಾರ್ವತಿಯನ್ನು ಸುಮ್ಮನೆ ಎಳೆದು ತರುವವರಿಗೆ ಸೀತೆ ಏಕೆ ನೆನಪಾಗಲಿಲ್ಲವೋ.

ಇದೇ ಮಾತು ಯುದ್ಧಕಾಂಡದಲ್ಲಿ ಮತ್ತೊಮ್ಮೆ ಬರುತ್ತದೆ, ಈ ಸಲ ರಾಮನ ಬಾಯಲ್ಲಿ. ಸೀತೆ ಬೆಂಕಿಯಿಂದ ಹೊರಬಂದ ಮೇಲೆ ‘ಅನನ್ಯಾ ಹಿ ಮಯಾ ಸೀತಾ’ ಎಂದು, ಅದೇ ಸೂರ್ಯ, ಅದೇ ಪ್ರಭೆಯ ಉಪಮೆಯನ್ನು ಅವನೂ ಹೇಳುತ್ತಾನೆ. ಅವಳು ಹೇಳಿದ್ದು ಸಾವಿನ ಬೆದರಿಕೆಯ ಎದುರು, ಅವನು ಹೇಳಿದ್ದು ಪರೀಕ್ಷೆಯ ಫಲಿತಾಂಶ ಬಂದ ಮೇಲೆ. ಒಂದೇ ಪದ ಇಬ್ಬರ ಬಾಯಲ್ಲಿ ಒಂದೇ ತೂಕದ್ದಾಗಿ ನನಗೆ ಕೇಳಿಸುವುದಿಲ್ಲ.

ಈಗ ವ್ಯಾಕರಣದ ಒಂದು ಸಣ್ಣ ಸಂಗತಿಯನ್ನು ಗಮನಿಸಬೇಕು. ಗೀತೆಯ ಅನನ್ಯಕ್ಕೆ ‘ನನ್ನನ್ನು’ ಎಂಬ ಕರ್ಮ ಬೇಕು. ಸೀತೆಯ ಅನನ್ಯಾಗೆ ‘ರಾಘವೇಣ’ ಎಂಬ ತೃತೀಯಾ ವಿಭಕ್ತಿ ಬೇಕು. ಯಾರನ್ನು? ಯಾರಿಂದ? ಎಂಬ ಪ್ರಶ್ನೆಗೆ ಉತ್ತರ ಸಿಗದೆ ಆ ವಾಕ್ಯಗಳು ಪೂರ್ಣವಾಗುವುದಿಲ್ಲ. ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಹೇಳುವ ಅನನ್ಯಾಗೆ ಯಾವ ವಿಭಕ್ತಿಯ ಹಂಗೂ ಇಲ್ಲ. ಯಾರನ್ನೋ ನೆನೆಯುವವಳಲ್ಲ, ಯಾರೊಂದಿಗೋ ಒಂದಾದವಳಲ್ಲ, ಬರೀ ಅನನ್ಯಾ. ಈ ಹೆಸರು ಆಧುನಿಕವಾದದ್ದು ಇಲ್ಲಿ ಎಂದು ನನಗೆ ಅನ್ನಿಸುತ್ತದೆ. ಪದ ಹಳೆಯದು, ಅದನ್ನು ಯಾವುದಕ್ಕೂ ಕಟ್ಟದೆ ಒಂಟಿಯಾಗಿ ನಿಲ್ಲಿಸಿರುವುದು ಹೊಸದು.

ಈ ಬದಲಾವಣೆಗೆ ಹೆತ್ತವರಷ್ಟೇ ಕಾರಣರಲ್ಲ, ಕನ್ನಡದ ಗದ್ಯವೂ ಕಾರಣ. ಹಿಂದೆ ‘ಅನನ್ಯ ಭಕ್ತಿ’ ಎಂದಷ್ಟೇ ಕೇಳುತ್ತಿದ್ದ ಪದ ಪತ್ರಿಕೆಗಳಲ್ಲಿ ‘ಅನನ್ಯ ಸಾಧನೆ’, ‘ಅನನ್ಯ ಕೊಡುಗೆ’ ಎಂದಾಯಿತು. ಸನ್ಮಾನ ಪತ್ರ ಬರೆಯುವವರಿಗೆ ಈ ಪದವಿಲ್ಲದೆ ಕೈಯೇ ಓಡುವುದಿಲ್ಲ. ವಿಮರ್ಶಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಅನನ್ಯತೆ’ಯನ್ನು ಗುರುತು, ತನ್ನತನ ಎಂಬ ಅರ್ಥದಲ್ಲಿ ಬಳಸಿದರು. ತನ್ನನ್ನು ಇನ್ನೊಂದರಲ್ಲಿ ಕರಗಿಸಿಕೊಳ್ಳುವುದನ್ನು ಹೇಳುತ್ತಿದ್ದ ಪದ ತನ್ನನ್ನು ಇತರರಿಂದ ಬೇರೆಯಾಗಿ ತೋರಿಸುವುದಕ್ಕೆ ಒದಗಿತು. ಪೂರ್ತಿ ಒಂದು ಸುತ್ತು ತಿರುಗಿದಂತಾಯಿತು.

ನಿಷೇಧದಿಂದ ಹುಟ್ಟಿದ ಹೆಸರು ಎಂದು ಯಾರಾದರೂ ಹುಬ್ಬೇರಿಸಿದರೆ ಅವರಿಗೆ ಅನನ್ಯಾಳ ಅಕ್ಕಂದಿರನ್ನು ತೋರಿಸಬಹುದು. ಅನಸೂಯಾ ಎಂದರೆ ಅಸೂಯೆ ಇಲ್ಲದವಳು. ಅನಘಾ, ಪಾಪವಿಲ್ಲದವಳು. ಅಮಲಾ, ವಿಮಲಾ, ನಿರ್ಮಲಾ ಮೂವರಿಗೂ ಕೊಳೆಯಿಲ್ಲ. ಅಪರ್ಣಾ ತಪಸ್ಸಿನಲ್ಲಿ ಎಲೆಯನ್ನೂ ತಿನ್ನದವಳು. ಆ ಕಥೆಯನ್ನು ಕಾಳಿದಾಸ ಕುಮಾರಸಂಭವದ ಐದನೆಯ ಸರ್ಗದಲ್ಲಿ ಹೇಳುತ್ತಾನೆ. ಲಲಿತಾ ಸಹಸ್ರನಾಮವಂತೂ ದೇವಿಯನ್ನು ‘ಇಲ್ಲ’ಗಳ ಸಾಲಿನಿಂದಲೇ ಹೊಗಳುತ್ತದೆ: ನಿರ್ಲೇಪಾ, ನಿರ್ಮಲಾ, ನಿರಾಕಾರಾ, ನಿರಾಕುಲಾ, ನಿರ್ಗುಣಾ. ಸಾಟಿಯಿಲ್ಲದವಳು ಎಂಬ ಅರ್ಥಕ್ಕೇ ಅಲ್ಲಿ ನಿಸ್ತುಲಾ ಇದೆ, ನಿರುಪಮಾ ಇದೆ, ‘ಸಮಾನಾಧಿಕವರ್ಜಿತಾ’ ಎಂಬ ಉದ್ದನೆಯ ಹೆಸರೂ ಇದೆ. ಕೊನೆಯದನ್ನು ಯಾರೂ ಮಗುವಿಗೆ ಇಡದಿರುವುದು ಶಾಲೆಯ ಗುಮಾಸ್ತರ ಪುಣ್ಯ.

ಅನನ್ಯಾಳಿಗೆ ತೀರ ಹತ್ತಿರದ ಅಕ್ಕ ಅನುಪಮಾ. ಹೋಲಿಕೆಯಿಲ್ಲದವಳು. ಒಂದು ಕಾಲಕ್ಕೆ ಅದೂ ಹೊಸ ಹೆಸರೇ. ಕನ್ನಡದ ಕಾದಂಬರಿಕಾರ್ತಿ, ವೈದ್ಯೆ ಅನುಪಮಾ ನಿರಂಜನ ಅವರ ಹುಟ್ಟು ಹೆಸರು ವೆಂಕಟಲಕ್ಷ್ಮಿ. ಅವರ ಪತಿ ನಿರಂಜನ ಕೂಡ ಹುಟ್ಟುವಾಗ ನಿರಂಜನರಾಗಿರಲಿಲ್ಲ, ಕುಳಕುಂದ ಶಿವರಾಯರಾಗಿದ್ದರು. ದೇವರ ಹೆಸರುಗಳೊಂದಿಗೆ ಹುಟ್ಟಿದ ಇಬ್ಬರು ‘ಹೋಲಿಕೆಯಿಲ್ಲದವಳು’, ‘ಕಳಂಕವಿಲ್ಲದವನು’ ಎಂಬ ಎರಡು ‘ಇಲ್ಲ’ಗಳಿಂದ ನಾಡಿಗೆ ಪರಿಚಿತರಾದರು. ವೆಂಕಟಲಕ್ಷ್ಮಿಯಿಂದ ಅನುಪಮಾಗೆ ಬಂದ ದಾರಿಯನ್ನು ಆಮೇಲೆ ನಮ್ಮ ಮಧ್ಯಮ ವರ್ಗದ ಮನೆಗಳೂ ನಿಧಾನವಾಗಿ ಹಿಡಿದವು. ಅಜ್ಜಿಯರು ರಂಗಮ್ಮ, ವೆಂಕಮ್ಮ, ಗೌರಮ್ಮ. ಅಮ್ಮಂದಿರು ಶಾರದಾ, ಲಲಿತಾ, ಸರೋಜಾ. ನಮ್ಮ ಕಾಲಕ್ಕೆ ದಿವ್ಯಾ, ರಮ್ಯಾ, ಸೌಮ್ಯಾ, ಭವ್ಯಾ, ಕಾವ್ಯಾ. ದೇವರು ಹಿಂದೆ ಸರಿದು ಗುಣವಾಚಕ ಮುಂದೆ ಬಂತು. ಕಿವಿಗೊಟ್ಟರೆ ಗೊತ್ತಾಗುತ್ತದೆ, ‘ಯಾ’ ಎಂಬ ಕೊನೆಯೇ ಒಂದು ಫ್ಯಾಷನ್ ಆಗಿ, ಅನನ್ಯಾ, ಆದ್ಯಾ, ಆರಾಧ್ಯಾ ಎಲ್ಲರೂ ಅದೇ ಬಾಗಿಲಿನಿಂದ ಒಳಬಂದರು.

ಆದರೆ ನಿಷೇಧದ ಹೆಸರುಗಳಲ್ಲಿ ಇನ್ನೊಂದು ಕುಲವಿದೆ, ಅದನ್ನು ಯಾವ ಪಟ್ಟಿಯೂ ಅಚ್ಚುಹಾಕುವುದಿಲ್ಲ. ಸಾಲಾಗಿ ಹೆಣ್ಣುಮಕ್ಕಳೇ ಹುಟ್ಟಿದ ಮನೆಯಲ್ಲಿ ‘ಇನ್ನು ಸಾಕು’ ಎಂದು ದೇವರಿಗೆ ತಿಳಿಸಲು ಸಾಕಮ್ಮ, ಸಾಕವ್ವ ಎಂದು ಹೆಸರಿಡುತ್ತಿದ್ದರು. ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲಿಟ್ಟು ಎತ್ತಿಕೊಂಡು ತಿಪ್ಪಮ್ಮ, ತಿಪ್ಪಣ್ಣ ಎನ್ನುತ್ತಿದ್ದುದು ಮಗು ಬದುಕಲಿ ಎಂಬ ಆಸೆಯಿಂದ; ಅದರಲ್ಲಿ ತಾತ್ಸಾರವಿಲ್ಲ. ಸಾಕಮ್ಮನ ಹಿಂದೆ ಅಂಥ ಆಸೆ ಹುಡುಕುವುದು ಕಷ್ಟ, ‘ಸಾಕಿದ ಮಗಳು’ ಎಂಬ ಮೃದುವಾದ ಅರ್ಥವನ್ನು ಬೇಕೆಂದೇ ಹಚ್ಚಿಕೊಂಡರೆ ಮಾತ್ರ ಸಾಧ್ಯ. ನೆರೆಯ ಮಹಾರಾಷ್ಟ್ರದಲ್ಲಿ ಇದು ಇನ್ನೂ ನೇರವಾಗಿತ್ತು. ಅಲ್ಲಿ ‘ನಕೋ’ ಎಂದರೆ ಬೇಡ, ಬೇಡವಾದ ಹುಡುಗಿ ನಕೋಶಿ, ನಕುಶಾ. 2011ರ ಅಕ್ಟೋಬರ್‌ನಲ್ಲಿ ಸಾತಾರಾ ಜಿಲ್ಲೆಯಲ್ಲಿ ಆ ಹೆಸರು ಹೊತ್ತಿದ್ದ 285 ಹೆಣ್ಣುಮಕ್ಕಳಿಗೆ ಸಮಾರಂಭ ನಡೆಸಿ ಹೊಸ ಹೆಸರು ಕೊಟ್ಟರು. ಹಳೆಯ ಹೆಸರಿನಲ್ಲಿದ್ದ ‘ನ’ಕಾರವೇ ಅನನ್ಯಾದಲ್ಲೂ ಇದೆ. ‘ಇನ್ನೊಬ್ಬಳು ಬೇಡ’ ಎಂದ ಮನೆ, ‘ಇಂಥವಳು ಇನ್ನೊಬ್ಬಳಿಲ್ಲ’ ಎಂದ ಮನೆ, ಎರಡೂ ‘ಇಲ್ಲ’ ಎನ್ನುತ್ತಿವೆ. ಒಂದೇ ಮಗು ಸಾಕು ಎಂದು ನಿರ್ಧರಿಸಿದ ಮನೆಗಳಲ್ಲಿ ಅನನ್ಯಾ ಎಂಬುದು ಅಕ್ಷರಶಃ ನಿಜವೂ ಹೌದು, ಅವಳಿಗೆ ಜೊತೆಯಲ್ಲಿ ಇನ್ನೊಬ್ಬರಿಲ್ಲ.

ಶಾಸ್ತ್ರ ಏನೆನ್ನುತ್ತದೆ ಎಂದು ಕೇಳುವವರು ಎಲ್ಲ ಕಡೆಯೂ ಇರುತ್ತಾರೆ. ಪಾರಸ್ಕರ ಗೃಹ್ಯಸೂತ್ರ ಹೆಣ್ಣಿನ ಹೆಸರು ಬೆಸ ಸಂಖ್ಯೆಯ ಅಕ್ಷರಗಳದ್ದಾಗಿ, ಆಕಾರಾಂತವಾಗಿ ಇರಬೇಕೆನ್ನುತ್ತದೆ. ಅ, ನ, ನ್ಯಾ: ಮೂರು ಅಕ್ಷರ, ಕೊನೆಗೆ ಆಕಾರ. ಪಾಸು. ಮನುಸ್ಮೃತಿಯ ಎರಡನೆಯ ಅಧ್ಯಾಯ ಉಚ್ಚರಿಸಲು ಸುಲಭವಾಗಿರಬೇಕು, ಕಟುವಾಗಿರಬಾರದು, ಮನೋಹರವಾಗಿರಬೇಕು, ದೀರ್ಘಾಕ್ಷರದಲ್ಲಿ ಮುಗಿಯಬೇಕು ಎಂದು ಹೇಳಿ ‘ವಿಸ್ಪಷ್ಟಾರ್ಥಂ’ ಎಂದೂ ಸೇರಿಸುತ್ತದೆ, ಅರ್ಥ ನಿಚ್ಚಳವಾಗಿರಬೇಕು. ಇಲ್ಲಿ ನಮ್ಮ ಹುಡುಗಿ ಡುಮ್ಕಿ. ಅದೇ ಮನುಸ್ಮೃತಿ ಮುಂದಿನ ಅಧ್ಯಾಯದಲ್ಲಿ ನಕ್ಷತ್ರ, ಮರ, ನದಿ, ಪರ್ವತಗಳ ಹೆಸರಿನ ಕನ್ಯೆಯನ್ನು ವರಿಸಬಾರದು ಎನ್ನುತ್ತದೆ. ರೋಹಿಣಿ, ತುಳಸಿ, ಗಂಗಾ, ಕಾವೇರಿಯರು ತುಂಬಿದ ಈ ನಾಡಿನಲ್ಲಿ ಆ ಮಾತಿಗೆ ಯಾರೂ ಕಿವಿಗೊಟ್ಟಂತೆ ಕಾಣುವುದಿಲ್ಲ. ಒಳ್ಳೆಯದೇ ಆಯಿತು.

ಆ ಕೊನೆಯ ದೀರ್ಘ ಮಾತ್ರ ಕನ್ನಡದಲ್ಲಿ ಸಂಕಟ ತಂದಿದೆ. ಸೀತಾ ಸೀತೆಯಾಗುವ, ಗಂಗಾ ಗಂಗೆಯಾಗುವ ನಮ್ಮ ಭಾಷೆಯ ಜಾಯಮಾನಕ್ಕೆ ಅನನ್ಯಾ ‘ಅನನ್ಯೆ’ ಆಗಬೇಕಿತ್ತು. ಯಾರೂ ಹಾಗೆ ಕರೆಯುವುದಿಲ್ಲ. ಅರ್ಧ ಜನ ‘ಅನನ್ಯ’ ಎಂದು ಗಿಡ್ಡ ಮಾಡಿ ಬರೆಯುತ್ತಾರೆ, ಆಗ ಅದು ಗಂಡಸಿನ ಹೆಸರೂ ಆಗಬಹುದು, ವಸ್ತುವಿನ ವಿಶೇಷಣವೂ ಆಗಬಹುದು. ಇಂಗ್ಲಿಷ್ ಲಿಪಿಯಲ್ಲಿ ಎರಡಕ್ಕೂ ಒಂದೇ ಕಾಗುಣಿತವಾದ್ದರಿಂದ ಆಧಾರ್ ಕಾರ್ಡ್ ಈ ಜಗಳದಲ್ಲಿ ತೀರ್ಪು ಕೊಡಲಾರದು. ಬಂಗಾಳಿಗಳು ಇದನ್ನೇ ‘ಅನೊನ್ನಾ’ ಎಂದು ಉಚ್ಚರಿಸಿ ‘ನ್ಯ’ವನ್ನೇ ಕರಗಿಸಿಬಿಡುತ್ತಾರೆ. ಇನ್ನು ಮನೆಯಲ್ಲಿ ಎಲ್ಲ ಅನನ್ಯಾಗಳೂ ‘ಅನು’. ‘ಅನು’ ಎಂದರೆ ಸಂಸ್ಕೃತದಲ್ಲಿ ಹಿಂದೆ, ಹಿಂಬಾಲಿಸಿ ಎಂಬ ಉಪಸರ್ಗ. ಸಾಟಿಯಿಲ್ಲದವಳು ಊಟಕ್ಕೆ ಕರೆಯುವ ಹೊತ್ತಿಗೆ ಹಿಂಬಾಲಕಿಯಾಗುತ್ತಾಳೆ.

ಇಷ್ಟೆಲ್ಲ ಆದ ಮೇಲೂ ನನಗೆ ಹಿಡಿಸಿದ ಅರ್ಥ ಪಟ್ಟಿಗಳದ್ದಲ್ಲ, ಗೀತೆಯದ್ದೂ ಅಲ್ಲ. ನಡುವಿನದು: ‘ನ ಅನ್ಯಾ’, ಅನ್ಯಳಲ್ಲದವಳು. ವೇದಾಂತಿಗಳಿಗೆ ಈ ಅರ್ಥ ಚೆನ್ನಾಗಿ ಗೊತ್ತು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ‘ತದನನ್ಯತ್ವಮಾರಂಭಣಶಬ್ದಾದಿಭ್ಯಃ’ ಎಂಬ ಸೂತ್ರವಿದೆ. ಕಾರ್ಯ ಕಾರಣದಿಂದ ಅನ್ಯವಲ್ಲ, ಗಡಿಗೆ ಮಣ್ಣಿನಿಂದ ಬೇರೆಯಲ್ಲ. ಸೂತ್ರ ಬೊಟ್ಟು ಮಾಡುವ ಛಾಂದೋಗ್ಯದ ವಾಕ್ಯ ಗಡಿಗೆ ಎಂಬುದು ಬರೀ ‘ನಾಮಧೇಯ’, ಮಣ್ಣೇ ಸತ್ಯ ಎನ್ನುತ್ತದೆ. ಅಷ್ಟು ಎತ್ತರಕ್ಕೆ ಹೋಗುವ ಅಗತ್ಯವಿಲ್ಲ. ಈ ಅರ್ಥ ನನಗೆ ಬೇಕಾಗಿರುವುದು ಮನೆಯೊಳಗೆ.

ಶಾಕುಂತಲ ನಾಟಕದ ನಾಲ್ಕನೆಯ ಅಂಕದಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸಿದ ಕಣ್ವ ಮಹರ್ಷಿ ‘ಅರ್ಥೋ ಹಿ ಕನ್ಯಾ ಪರಕೀಯ ಏವ’ ಎಂದು ನಿಟ್ಟುಸಿರು ಬಿಡುತ್ತಾನೆ. ಹೆಣ್ಣು ಎಂಬುದು ಪರರ ಸೊತ್ತೇ. ಒತ್ತೆಯಿಟ್ಟದ್ದನ್ನು ಒಡೆಯನಿಗೆ ಹಿಂದಿರುಗಿಸಿದಷ್ಟು ಮನಸ್ಸು ಹಗುರವಾಯಿತು ಎನ್ನುತ್ತಾನೆ. ಸಾಕಿ ಬೆಳೆಸಿದ ಮಗಳ ಬಗ್ಗೆ, ಅವಳ ಗೆಳತಿ ಅನಸೂಯೆಯ ಎದುರಲ್ಲೇ. ನಮ್ಮ ಗಾದೆ ಇದನ್ನು ಇನ್ನೂ ಒರಟಾಗಿ ಹೇಳುತ್ತದೆ: ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಪರಕೀಯ ಎಂಬ ಪದದ ಎದುರು ನಿಲ್ಲಿಸಬಹುದಾದ ಪದ ಯಾವುದು ಎಂದು ಯೋಚಿಸಿದರೆ ನನಗೆ ಹೊಳೆಯುವುದು ಅನನ್ಯಾ. ಪರರವಳಲ್ಲ, ಹೊರಗಿನವಳಲ್ಲ. ಹೆಸರಿನ ಅರ್ಥ ಕೇಳಿದವರಿಗೆ ಈಗ ನಾನು ಕೊಡುವ ಉತ್ತರ ಇದೇ. ಸಾಟಿಯ ವಿಷಯ ಹುಡುಗಿ ತಾನೇ ನೋಡಿಕೊಳ್ಳಲಿ.

ಕಾನೂನು ಈ ಅರ್ಥಕ್ಕೆ ಬಂದು ಮುಟ್ಟಲು ತನ್ನದೇ ಸಮಯ ತೆಗೆದುಕೊಂಡಿತು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರ ಜುಲೈ 30ರಂದು ಜಾರಿಗೆ ಬಂದಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಅದು ಅನ್ವಯಿಸಲಿಲ್ಲ. ಮದುವೆಯ ಆ ಗೆರೆಯಿಲ್ಲದ ಕೇಂದ್ರದ ತಿದ್ದುಪಡಿ ಜಾರಿಯಾದದ್ದು 2005ರ ಸೆಪ್ಟೆಂಬರ್ 9ರಂದು. ಆ ದಿನ ತಂದೆ ಬದುಕಿದ್ದಿರಬೇಕೇ ಎಂಬ ಗೊಂದಲ ಇನ್ನೂ ಹದಿನೈದು ವರ್ಷ ನ್ಯಾಯಾಲಯಗಳಲ್ಲಿ ಓಡಾಡಿತು, 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ‘ಬೇಕಿಲ್ಲ’ ಎಂದು ಬಗೆಹರಿಸಿತು. ನನ್ನ ಸೋದರತ್ತೆಯರ ಮದುವೆಗಳೆಲ್ಲ 1994ಕ್ಕಿಂತ ಮೊದಲೇ ಮುಗಿದಿದ್ದವು. ಪಾರ್ವತಿ, ಸರಸ್ವತಿ, ಜಯಲಕ್ಷ್ಮಿ ಎಂದು ಅವರ ಹೆಸರುಗಳು. ಅಜ್ಜನ ಜಮೀನಿನ ಪಹಣಿಯಲ್ಲಿ ಅವು ಯಾವುವೂ ಬರಲಿಲ್ಲ, ಆ ಬಗ್ಗೆ ಅವರು ಯಾರನ್ನೂ ಏನನ್ನೂ ಕೇಳಲೂ ಇಲ್ಲ.